ಹೆತ್ತಿದ್ದು ಒಂದು, ಲೆಕ್ಕ ಮೂರು

ತನಗೆಷ್ಟು ಮಕ್ಕಳು ಎಂಬುದು ಹೆತ್ತವಳಿಗೇ ಗೊತ್ತಿರುತ್ತದೆ ಅಂತ ಯಾರು ಹೇಳಿದ್ದು? ಅದನ್ನು ಹೇಳಬೇಕಾದವರು ಸರ್ಕಾರಿ ಕಚೇರಿಯಲ್ಲಿ ನೌಕರರ ರಜೆ, ಸೇವಾ ದಾಖಲೆ ನೋಡುವ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನ ಕೇಸ್ ವರ್ಕರ್.

ಹೆರಿಗೆ ರಜೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಚಂಡೀಗಢದ ನರ್ಸ್ ಪ್ರಕರಣ ನೋಡಿ. 2019ರ ಜೂನ್‌ನಲ್ಲಿ ಚೊಚ್ಚಲ ಹೆರಿಗೆ. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳ ಹೆಸರನ್ನು ಆಕೆ ಸೇವಾ ದಾಖಲೆಗೆ ಬರೆಸಿದ್ದರು, ಅವರಿಗಾಗಿ ಶಿಶುಪಾಲನಾ ರಜೆಯನ್ನೂ ಹಾಕಿದ್ದರು. ಸಿಕ್ಕಿಬಿದ್ದರು! ಈ ಕೂಸು ಮೂರನೆಯದು, ಇಬ್ಬರು ಮಕ್ಕಳಾದ ಮೇಲೆ 180 ದಿನದ ಹೆರಿಗೆ ರಜೆ ಇಲ್ಲ. ಗಳಿಕೆ ರಜೆ, ಅರ್ಧ ವೇತನ ರಜೆ, ಅದೂ ಸಾಲದಿದ್ದರೆ ಅಸಾಧಾರಣ ರಜೆ ಅಂತ ತೇಪೆ ಹಾಕಿ ಕಡತ ಮುಚ್ಚಿದರು. ಚೊಚ್ಚಲ ಬಾಣಂತಿಯನ್ನು ಒಂದೇ ಟಿಪ್ಪಣಿಯಲ್ಲಿ ಮೂರು ಮಕ್ಕಳ ತಾಯಿ ಮಾಡುವ ಕೈಗುಣ ಯಾವ ಸೂಲಗಿತ್ತಿಗಿದೆ? ಆಕೆ ಮಲತಾಯಿ ಧೋರಣೆ ತೋರಲಿಲ್ಲ, ಅದನ್ನು ಕಚೇರಿಯೇ ವಹಿಸಿಕೊಂಡಿತು.

ತಮಿಳುನಾಡಿನ ಧರ್ಮಪುರಿಯ ಸರ್ಕಾರಿ ಶಿಕ್ಷಕಿಯದು ಇದರ ತಿರುವುಮುರುವು. ಮೊದಲ ಮದುವೆಯ ಇಬ್ಬರು ಮಕ್ಕಳೂ ವಿಚ್ಛೇದನದ ಮೇಲೆ ತಂದೆಯ ಹತ್ತಿರ ಇದ್ದಾರೆ. ಎರಡನೇ ಮದುವೆಯ ಮೊದಲ ಮಗುವಿಗೆ 2021ರಲ್ಲಿ ರಜೆ ಕೇಳಿದರೆ, ಇಲ್ಲ. ಅಲ್ಲಿ ಹೆರದ ಮಕ್ಕಳು ಮನೆಯಲ್ಲಿದ್ದರು, ಇಲ್ಲಿ ಹೆತ್ತ ಮಕ್ಕಳು ಮನೆಯಲ್ಲಿಲ್ಲ. ಕೂಡಿದರೂ ಮೂರು, ಕಳೆದರೂ ಮೂರು. ಅಂದ ಹಾಗೆ, 1961ರ ಹೆರಿಗೆ ಸೌಲಭ್ಯ ಕಾಯ್ದೆ 2017ರ ತಿದ್ದುಪಡಿಯಲ್ಲಿ 26 ವಾರ ಕೊಟ್ಟಾಗ ಮೂರನೇ ಮಗುವಿಗೂ 12 ವಾರ ಉಳಿಸಿತ್ತು. ಸೊನ್ನೆ ಎಂಬುದು ಸರ್ಕಾರಿ ಸೇವಾ ನಿಯಮಗಳ ಸ್ವಂತ ಸಂಶೋಧನೆ.

ದೆಹಲಿಯ ಗುತ್ತಿಗೆ ವೈದ್ಯೆಗೆ ಮಾತ್ರ ಧಾರಾಳ ತೋರಿಸಿದರು. ರಜೆ ಕೇಳಿದ್ದು 2017ರ ಜೂನ್ 1ರಿಂದ, ಗುತ್ತಿಗೆ ಮುಗಿಯುವುದು ಜೂನ್ 11ಕ್ಕೆ. ಕೊಟ್ಟಿದ್ದು ಹನ್ನೊಂದು ದಿನ. ಶಾಸ್ತ್ರ ಬಲ್ಲವರೇ ಇರಬೇಕು: ಹತ್ತು ದಿನ ಪುರುಡು, ಹನ್ನೊಂದಕ್ಕೆ ಪುಣ್ಯಾಹ, ಮಡಿಯಾಯಿತು, ಮನೆಗೆ ನಡಿ.

ರಜೆ ಕೇಳಿ ಹೋದವರಿಗೆ ಕೌಂಟರಿನಲ್ಲಿ ಸಿಗುವುದು "ಆಗಲ್ಲಮ್ಮ" ಎಂಬ ಬಾಯಿಮಾತು. ಆ ಬಾಯಿಮಾತನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುತ್ತೀರಿ? ಅರ್ಜಿಯನ್ನು ಟಪ್ಪಾಲಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಕೊಡುವುದಿಲ್ಲ ಎನ್ನುವುದಾದರೆ ಯಾವ ನಿಯಮದಡಿ ಎಂದು ಹಿಂಬರಹ ಕೇಳಿ. "ಗಳಿಕೆ ರಜೆಗೆ ನೀವೇ ಒಂದು ಲೆಟರ್ ಬರೆದುಕೊಡಿ, ಸಂಬಳ ನಿಲ್ಲಲ್ಲ" ಎಂಬ ಕರುಣೆಯ ಮಾತು ಬಂದರೆ ಹುಷಾರು. ನಾಳೆ ಅದೇ ಲೆಟರ್ "ಅರ್ಜಿದಾರರೇ ಒಪ್ಪಿದ್ದಾರೆ" ಎಂದು ಅಫಿಡವಿಟ್ಟಿನಲ್ಲಿ ಕೂತಿರುತ್ತದೆ.

ನಗು ಬರುತ್ತಿಲ್ಲ, ಬಿಡಿ. ಹಾಲು ಕಟ್ಟಿಕೊಂಡ ಎದೆ, ಒಣಗದ ಹೊಲಿಗೆ, ಕೈಯಲ್ಲಿ ವಕಾಲತ್ತು. ಶಿಕ್ಷಕಿ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದರೂ ವಿಭಾಗೀಯ ಪೀಠದಲ್ಲಿ ಅದು ರದ್ದಾಯಿತು. ಮೂವರೂ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು: ನರ್ಸ್ 2022ರಲ್ಲಿ, ವೈದ್ಯೆ 2023ರಲ್ಲಿ, ಶಿಕ್ಷಕಿ 2025ರಲ್ಲಿ. ವೈದ್ಯೆಯೊಬ್ಬರಿಗೇ 26 ವಾರ ಕೊಡದಿರಲು ಆರು ವರ್ಷದ ಫೀಸು, ಅದೂ ನಮ್ಮದೇ ತೆರಿಗೆಯಿಂದ.

ಕೂಸುಗಳಿಗೀಗ ಶಾಲೆಯ ವಯಸ್ಸು. ದಾಖಲಾತಿ ಅರ್ಜಿಯಲ್ಲಿ "ಒಡಹುಟ್ಟಿದವರು ಎಷ್ಟು?" ಎಂಬ ಕಾಲಂ ಇದ್ದರೆ ಅಮ್ಮನನ್ನು ಕೇಳಿ ತುಂಬಬೇಡಿ. ಸೆಕ್ಷನ್ನಿಗೆ ಒಂದು ಫೋನ್ ಮಾಡಿ.