ಪಂಕ್ಚರ್ ಹಾಕುವುದರ ಆಚೆಗೆ

ಸೈಕಲ್ ಮೆಕ್ಯಾನಿಕ್ ಅಂದ ಕೂಡಲೇ "ಓ, ಪಂಕ್ಚರ್ ಹಾಕೋದಾ?" ಅಂತ ಕೇಳುವವರೇ ಜಾಸ್ತಿ. ಹೌದು, ಹಾಕುತ್ತೇನೆ, ಖುಷಿಯಿಂದಲೇ ಹಾಕುತ್ತೇನೆ. ಪ್ಯಾಚ್ ಅಂಟಿಸುವುದು ಅದರ ಕೊನೆಯ ಹಂತ ಅಷ್ಟೇ. ನನಗೆ ಇಷ್ಟವಾಗುವುದು ಅದಕ್ಕಿಂತ ಮುಂಚಿನ ಕೆಲಸ.

ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಅದ್ದುತ್ತೇವೆ. ಗುಳ್ಳೆ ಬಂತು, ತೂತು ಸಿಕ್ಕಿತು. ಈಗ ಅದು ಎಲ್ಲಿದೆ ಅಂತ ನೋಡಬೇಕು. ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳೋ ಗಾಜಿನ ಚೂರೋ ಟೈರಿನಲ್ಲಿ ಇನ್ನೂ ಕೂತಿರಬಹುದು. ಟೈರಿನ ಒಳಗೆ ನಿಧಾನವಾಗಿ ಬೆರಳಾಡಿಸಿ ಹುಡುಕಬೇಕು. ರಿಮ್ಮಿನ ಕಡೆ ಇದ್ದರೆ ಕಡ್ಡಿಗಳ (ಸ್ಪೋಕ್) ತುದಿ ಮುಚ್ಚುವ ಪಟ್ಟಿ, ಅಂದರೆ ರಿಮ್ ಟೇಪ್, ಸರಿದು ಕಡ್ಡಿಯ ತುದಿ ಚುಚ್ಚಿರಬಹುದು. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ? ಗಾಳಿ ಕಡಿಮೆ ಇತ್ತು, ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿದೆ. ಕಾರಣ ಹುಡುಕದೆ ಬರೀ ಪ್ಯಾಚ್ ಹಾಕಿ ಕಳಿಸಿದರೆ ಅದೇ ಸೈಕಲ್ ಮತ್ತೆ ವಾಪಸ್ ಬರುತ್ತದೆ. ಕೈಕೆಲಸಕ್ಕೆ ತಲೆ ಬೇಡ ಅನ್ನುವವರು ಇದನ್ನೊಮ್ಮೆ ಹತ್ತಿರ ನಿಂತು ನೋಡಬೇಕು.

ಚಕ್ರದ ಬೆಂಡ್ ತೆಗೆಯುವುದಂತೂ ನನಗೆ ಪ್ರಾಣ. ಸಾಮಾನ್ಯವಾಗಿ 32 ಅಥವಾ 36 ಕಡ್ಡಿ ಇರುತ್ತವೆ. ರಿಮ್ ಬಲಕ್ಕೆ ವಾಲಿದ ಜಾಗದಲ್ಲಿ ಎಡಗಡೆಯ ಕಡ್ಡಿ ಸ್ವಲ್ಪ ಬಿಗಿ ಮಾಡಬೇಕು, ಬಲಗಡೆಯದನ್ನು ಸ್ವಲ್ಪ ಸಡಿಲಿಸಬೇಕು. ಸ್ವಲ್ಪ ಅಂದರೆ ಕಡ್ಡಿಯ ತುದಿಯ ಪುಟ್ಟ ನಟ್ಟು, ಅದೇ ನಿಪ್ಪಲ್, ಕಾಲು ಸುತ್ತು, ಅಷ್ಟೇ. ಒಂದನ್ನು ಮುಟ್ಟಿದರೆ ಪಕ್ಕದವುಗಳ ಬಿಗಿಯೂ ಬದಲಾಗುತ್ತದೆ. ಹಾಗಾಗಿ ಅವಸರ ಮಾಡಿದರೆ ಬೆಂಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತದೆ, ಹೋಗುವುದಿಲ್ಲ. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳಬೇಕು. ಒಂದೇ ಬದಿಯ ಕಡ್ಡಿಗಳಿಂದ ಹೆಚ್ಚುಕಡಿಮೆ ಒಂದೇ ಸ್ವರ ಬರಬೇಕು. ಗೇರ್ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗೇರಿನ ಬದಿಯ ಕಡ್ಡಿಗಳು ಜಾಸ್ತಿ ಬಿಗಿ ಇರುತ್ತವೆ, ಅಲ್ಲಿ ಸ್ವರವೂ ಮೇಲೆ. ಇದು ಹೇಳಿಕೊಟ್ಟು ಬರುವುದಲ್ಲ, ಕಿವಿಗೆ ರೂಢಿಯಾಗಬೇಕು. ತಿರುಗುತ್ತಿರುವ ರಿಮ್ಮು ಎರಡೂ ಬ್ರೇಕ್ ರಬ್ಬರುಗಳ ಮಧ್ಯೆ ಅಲುಗದೆ ನಿಂತಂತೆ ಕಾಣುವ ಆ ಗಳಿಗೆ ಇದೆಯಲ್ಲ, ಅದಕ್ಕೋಸ್ಕರ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.

ಸೈಕಲ್ಲಿನಲ್ಲಿ ಯಾವುದೂ ಗುಟ್ಟಿಲ್ಲ, ಅದಕ್ಕೇ ಅದರ ಮೇಲೆ ಇಷ್ಟು ಪ್ರೀತಿ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಲ್ಲೂ ಹೆಚ್ಚುಕಡಿಮೆ ಸಮ ಇರುವ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇವತ್ತೂ ಅದೇ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಬಿಚ್ಚಬಹುದು.

ಹಾಗಿರುವಾಗ ಏನಾದರೂ ಸದ್ದು ಬಂದ ಕೂಡಲೇ "ಪಾರ್ಟ್ ಚೇಂಜ್ ಮಾಡಿ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಚಕ್ರದ ನಡುವಿನ ಹಬ್ ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಸವೆದ ಬೇರಿಂಗ್ ಬಾಲ್ಸ್ ಮಾತ್ರ ಬದಲಿಸಿ, ಅವನ್ನು ಹಿಡಿದಿಡುವ ಕೋನ್ ಸರಿಯಾಗಿ ಕೂರಿಸಿದರೆ ಎಷ್ಟೋ ಚಕ್ರಗಳು ಮತ್ತೆ ಹಗುರವಾಗಿ ತಿರುಗುತ್ತವೆ. ಹಾಗಂತ ಎಲ್ಲವನ್ನೂ ಉಳಿಸಿಕೊಳ್ಳಬೇಕು ಅಂತಲೂ ಅಲ್ಲ. ಚೈನನ್ನೇ ತಗೊಳ್ಳಿ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ ಹೊಸದರಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿ ಬಂತೆಂದರೆ ಪಿನ್ನುಗಳು ಸವೆದಿವೆ, ಚೈನ್ ಬದಲಿಸಿ. "ಇನ್ನೂ ಓಡುತ್ತಲ್ವಾ" ಅಂತ ಬಿಟ್ಟರೆ ಅದು ಹಿಂದಿನ ಚಕ್ರದ ಹಲ್ಲುಚಕ್ರ, ಅಂದರೆ ಫ್ರೀವೀಲಿನ ಹಲ್ಲನ್ನೂ ತಿಂದು ಹಾಕುತ್ತದೆ. ಯಾವುದು ಉಳಿಸಬೇಕು, ಯಾವುದು ಬಿಡಬೇಕು ಅಂತ ಗೊತ್ತಿರುವವರನ್ನೇ ನಾನು ಮೆಕ್ಯಾನಿಕ್ ಅನ್ನುವುದು.

ಒಂದು ಕೋರಿಕೆ. ಸೈಕಲ್ ತಂದಾಗ ಸುಮ್ನೆ "ಸರ್ವಿಸ್ ಮಾಡಿ" ಅಂತ ಬಿಟ್ಟು ಹೋಗಬೇಡಿ. ಸದ್ದು ಯಾವಾಗ ಬರುತ್ತದೆ ಹೇಳಿ. ತುಳಿಯುವಾಗ ಮಾತ್ರ ಬಂದರೆ ಪೆಡಲು, ಚೈನು, ಪೆಡಲು ಕೂರುವ ತೋಳು ಅಂದರೆ ಕ್ರ್ಯಾಂಕಿನ ಕಡೆ ಮೊದಲು ನೋಡುತ್ತೇನೆ. ತುಳಿಯದೆ ಉರುಳುವಾಗಲೂ ಬಂದರೆ ಚಕ್ರದ ಬೇರಿಂಗು, ಬ್ರೇಕು. ಅದೊಂದನ್ನು ಗಮನಿಸಿಕೊಂಡು ಬನ್ನಿ, ಉಳಿದದ್ದನ್ನು ಜೊತೆಗೆ ನಿಂತು ನೋಡೋಣ.