ಮಗುವಿನ ಕೆಮ್ಮಿಗೆ ಎದೆ ಎಕ್ಸ್‌ರೇ: ಬೇಕಾ, ಬೇಡ್ವಾ?

ಪರ

ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಿಯಿಂದ ಮಗುವನ್ನು ಎತ್ತಿಕೊಂಡು ಬಂದವರಿಗೆ "ನಾಲ್ಕು ದಿನ ಬಿಟ್ಟು ಬನ್ನಿ" ಎನ್ನುವುದು ಸುಲಭ. ಅವರು ಮತ್ತೆ ಬರುವುದು ಹೇಗೆ? ಗುಡ್ಡ ಕುಸಿದು ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಇಲ್ಲವೇ ಗೋವಾ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜನ ದನಿ ಎತ್ತಿದ್ದು ಸುಮ್ನೆ ಅಲ್ಲ. ಹೀಗಿರುವಾಗ ಊರಲ್ಲೇ ಸಿಗುವ ಎಕ್ಸ್‌ರೇ ಯಾಕೆ ಬಿಡಬೇಕು?

ವಿಕಿರಣದ ಭಯವೇ? ಕೈಗಾ ಅಣುಸ್ಥಾವರದ ಪಕ್ಕದಲ್ಲಿರುವ ನಮಗೆ ಆ ಮಾತು ಬೇಗ ತಾಗುತ್ತದೆ. ಆದರೆ ದೊಡ್ಡವರ ಎದೆಯ ಒಂದು ಎಕ್ಸ್‌ರೇಗೆ ತಗಲುವುದೇ ಸುಮಾರು 0.02 ಮಿಲಿಸೀವರ್ಟ್ (ವಿಕಿರಣದ ಅಳತೆ). ಮಕ್ಕಳಿಗೆ ಜಾಸ್ತಿ ಬೇಕಾಗುವುದಿಲ್ಲ. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಬರುತ್ತಲೇ ಇರುತ್ತದೆ. ಅಂದರೆ ಹೆಚ್ಚುಕಮ್ಮಿ ಮೂರು ದಿನದ ಪಾಲು.

ಇನ್ನೊಂದಿದೆ. ಅಂಬೆಗಾಲಿಡುವ ಮಗು ಶೇಂಗಾ ಬೀಜವನ್ನೋ ಅಡಿಕೆ ಚೂರನ್ನೋ ಬಾಯಿಗೆ ಹಾಕಿಕೊಳ್ಳುತ್ತದೆ, ಅದು ಉಸಿರಿನ ದಾರಿಗೆ ಜಾರುತ್ತದೆ, ಮನೆಯವರು ಶೀತ ಅಂದುಕೊಳ್ಳುತ್ತಾರೆ. ಬೀಜ ಎಕ್ಸ್‌ರೇಯಲ್ಲಿ ಕಾಣದು, ನಿಜ. ಆದರೆ ಅದರಾಚೆ ಗಾಳಿ ಸಿಕ್ಕಿಕೊಂಡು ಒಂದು ಬದಿಯ ಶ್ವಾಸಕೋಶ ಉಬ್ಬಿದ್ದರೆ ಅದು ಕಾಣಬಹುದು. ಕ್ಷಯದಲ್ಲೂ ಅಷ್ಟೇ. ಚಿಕ್ಕ ಮಕ್ಕಳು ಪರೀಕ್ಷೆಗೆ ಕಫ ಉಗುಳಿ ಕೊಡುವುದಿಲ್ಲವಲ್ಲ!

ವಿರೋಧ

ಎಕ್ಸ್‌ರೇ ತೆಗೆಯುವುದು ಎರಡು ನಿಮಿಷದ ಕೆಲಸ. ಓದುವುದೇ ಕಷ್ಟ. ಬೆಳೆಯುವ ಎದೆ ವಯಸ್ಸಿಗೊಂದು ಥರ ಕಾಣುತ್ತದೆ. ಹುಟ್ಟಿದ ಮಗುವಿನ ಎದೆ ದುಂಡಗಿರುತ್ತದೆ, ಪಕ್ಕೆಲುಬು ಅಡ್ಡಡ್ಡ ಮಲಗಿರುತ್ತವೆ. ನಿಂತು ನಡೆಯುವ ವಯಸ್ಸು ಬಂದಂತೆ ಅವು ಕೆಳಗೆ ಇಳಿಜಾರಾಗುತ್ತವೆ. ದೊಡ್ಡವರಲ್ಲಿ ಹೃದಯ ಎದೆಯ ಅಗಲದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಅನುಮಾನ. ಎಳೆಗೂಸಿನಲ್ಲಿ 60 ಶೇಕಡಾ ಇದ್ದರೂ ಸಹಜವೇ. ಅಳುವಾಗ, ಉಸಿರು ಹೊರಬಿಟ್ಟಾಗ ತೆಗೆದರಂತೂ ಹೃದಯ ಇನ್ನೂ ದೊಡ್ಡದಾಗಿ, ಶ್ವಾಸಕೋಶ ಬೆಳ್ಳಗೆ ಕಾಣುತ್ತದೆ. ಅಳದೆ ಎಕ್ಸ್‌ರೇಗೆ ಮಲಗುವ ಕೂಸು ಯಾವುದಿದೆ ಹೇಳಿ!

ಫಿಲ್ಮನ್ನು ಬೆಳಕಿಗೆ ಹಿಡಿದರೆ ಕೆಲವು ಕೂಸುಗಳಲ್ಲಿ ಹೃದಯದ ಮೇಲ್ಭಾಗದಲ್ಲಿ, ಹೆಚ್ಚಾಗಿ ಬಲಕ್ಕೆ, ದೋಣಿಯ ಹಾಯಿಯಂಥ ಬಿಳಿ ನೆರಳು. ಅದು ಥೈಮಸ್ ಗ್ರಂಥಿ, ದೇಹಕ್ಕೆ ರೋಗ ಎದುರಿಸುವ ಶಕ್ತಿ ಕೊಡುವಂಥದ್ದು. ಎಳವೆಯಲ್ಲಿ ದೊಡ್ಡದಿರುತ್ತದೆ, ಎರಡು-ಮೂರು ವರ್ಷ ಕಳೆದ ಮೇಲೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಇಷ್ಟೇ ಸಂಗತಿ. ಆದರೆ 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಇದನ್ನೇ ರೋಗ ಅಂದುಕೊಂಡು ಮಕ್ಕಳಿಗೆ ವಿಕಿರಣ ಚಿಕಿತ್ಸೆ ಕೊಟ್ಟರು. ಆ ಮಕ್ಕಳಲ್ಲಿ ಮುಂದೆ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಈಗ ಯಾರೂ ಹಾಗೆ ಮಾಡುವುದಿಲ್ಲ ಬಿಡಿ. ಆದರೆ "ಏನೋ ನೆರಳಿದೆ, ಸಿಟಿ ಸ್ಕ್ಯಾನ್ ಮಾಡಿಸಿ" ಅಂದರೆ ಸಾಕಲ್ವಾ? ಬಡವರು ಸಾಲ ಮಾಡಿ ಮಂಗಳೂರಿಗೆ ಓಡುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ತಗಲುವ ವಿಕಿರಣ ಎಕ್ಸ್‌ರೇಯ ನೂರು ಪಟ್ಟು ಆಗಬಹುದು. ಮೂರು ದಿನದ ಲೆಕ್ಕ ಅಲ್ಲಿಗೆ ಮುಗಿಯಿತು.

ಶೇಂಗಾ, ಕ್ಷಯದ ಅನುಮಾನ ಇದ್ದರೆ ಖಂಡಿತ ತೆಗೆಸಲಿ. ಬರೀ ಶೀತ-ಕೆಮ್ಮಿಗೆ ಮೊದಲು ಅಂಗಿ ಬಿಚ್ಚಿಸಿ, ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದರೊಳಗೆ 40. ಇದಕ್ಕೆ ಮುಟ್ಟಿದರೆ ಅಥವಾ ದಾಟಿದರೆ ಉಸಿರಾಟ ಜೋರಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪಕ್ಕೆಯ ಕೆಳಭಾಗ ಒಳಗೆ ಸೆಳೆಯುತ್ತಾ ಮಗು ಏದುಸಿರು ಬಿಡುತ್ತಿದ್ದರೆ ಎಕ್ಸ್‌ರೇ ಕೋಣೆ ಮುಂದೆ ಸಾಲಿನಲ್ಲಿ ಕೂರಿಸಬಾರದು. ಮೊದಲು ಆಕ್ಸಿಜನ್, ಔಷಧಿ. ಫಿಲ್ಮ್ ಆಮೇಲೆ ತೆಗೆದರಾಯ್ತು.