ಬೂಸ್ಟರ್‌ಗೆ ಯಾವ ಲಸಿಕೆ: ಆಯ್ಕೆ ಜನರಿಗೆ ಬಿಡಬೇಕೆ?

ಪರ

2022ರ ಜನವರಿ 10ರಂದು ಕೊರೊನಾ ಲಸಿಕೆಯ ಮುನ್ನೆಚ್ಚರಿಕೆ ಡೋಸ್, ಅಂದರೆ ಬೂಸ್ಟರ್, ಶುರುವಾದಾಗ ನಿಯಮ ಒಂದೇ: ಮೊದಲೆರಡು ಸಲ ಯಾವುದೋ, ಮೂರನೆಯದೂ ಅದೇ. ನಮ್ಮಮ್ಮ ಎರಡು ಸಲವೂ ಕೋವಿಶೀಲ್ಡ್ ಹಾಕಿಸಿಕೊಂಡು ಜ್ವರ, ಮೈಕೈ ನೋವಿನಲ್ಲಿ ನರಳಿದ್ದರು. ಮೂರನೆಯದಕ್ಕೆ ಕರೆದರೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. "ಬೇರೆ ಯಾವ್ದಾದ್ರೂ ಇದ್ರೆ ಹಾಕಿಸ್ಕೋತೀನಿ, ಅದು ಮಾತ್ರ ಬೇಡ." ಕೇಂದ್ರದಲ್ಲಿ ಕೋವ್ಯಾಕ್ಸಿನ್ ಇತ್ತು, ಆದರೆ ಅವರಿಗೆ ಕೊಡುವಂತಿರಲಿಲ್ಲ. ಅಮ್ಮ ತಿಂಗಳುಗಟ್ಟಲೆ ಬೂಸ್ಟರ್ ಇಲ್ಲದೆ ಉಳಿದರು.

ಅಮ್ಮನ ಹಟಕ್ಕೆ ವಿಜ್ಞಾನದ ಬೆಂಬಲವೂ ಇದೆ. ಕೋವಿಶೀಲ್ಡ್‌ನಲ್ಲಿ ಚಿಂಪಾಂಜಿಯ ಅಡೆನೊವೈರಸ್ ಒಂದು ವಾಹನದ ಕೆಲಸ ಮಾಡುತ್ತದೆ. ದೇಹ ಆ ವಾಹನದ ವಿರುದ್ಧವೂ ಪ್ರತಿಕಾಯ (ರೋಗಾಣುವನ್ನು ತಡೆಯುವ ಪ್ರೋಟೀನ್) ಕಟ್ಟಬಲ್ಲದು, ಆಗ ಅದೇ ಲಸಿಕೆ ಮತ್ತೆ ಹಾಕಿದರೆ ಫಲ ತಗ್ಗಬಹುದು. ಇನ್ನೊಂದು ಲಸಿಕೆ ಕೋರ್ಬೆವ್ಯಾಕ್ಸ್‌ನ ದಾರಿಯೇ ಬೇರೆ, ಯೀಸ್ಟ್‌ನಲ್ಲಿ ಬೆಳೆಸಿದ, ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳಿನ ತುಣುಕಷ್ಟೇ ಅದರಲ್ಲಿರುವುದು. ಬ್ರಿಟನ್‌ನಲ್ಲಿ ಆಸ್ಟ್ರಾಜೆನೆಕಾ (ನಮ್ಮ ಕೋವಿಶೀಲ್ಡ್ ಅದೇ) ಪಡೆದವರಿಗೆ 2021ರ ಕೊನೆಗೇ ಫೈಜರ್, ಮಾಡೆರ್ನಾ ಬೂಸ್ಟರ್ ಸಿಕ್ಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕ ಬೇರೆ ಬ್ರ್ಯಾಂಡಿಗೆ ಒಪ್ಪಿಗೆ ಕೊಟ್ಟಿತು. ಕ್ಯಾಲಿಫೋರ್ನಿಯದ ನನ್ನ ತಮ್ಮ ಬೇಕಾದ್ದನ್ನು ಆರಿಸಿಕೊಂಡ, ಹಾಸನದ ಅಮ್ಮ ಕಾಯುತ್ತಾ ಕೂತರು. ನಮ್ಮಲ್ಲಿ ಕೋರ್ಬೆವ್ಯಾಕ್ಸ್ ಬೂಸ್ಟರ್ ಆಗಿ ಬಂದದ್ದು 2022ರ ಆಗಸ್ಟ್‌ನಲ್ಲಿ. ಅಮ್ಮ ಮಾರನೇ ದಿನವೇ ಸೀರೆ ಉಟ್ಟು ಹೊರಟರು.

ವಿರೋಧ

ಲಸಿಕೆ ಬದಲಾಯಿಸಿದರೆ ಅಪಾಯ ಎಂದು ನಾನು ಹೇಳುವುದಿಲ್ಲ. 2021ರಲ್ಲಿ ಉತ್ತರ ಪ್ರದೇಶದ ಸಿದ್ಧಾರ್ಥನಗರದಲ್ಲಿ ಕೈತಪ್ಪಿ ಕೋವಿಶೀಲ್ಡ್ ಮೇಲೆ ಕೋವ್ಯಾಕ್ಸಿನ್ ಬಿದ್ದವರನ್ನು ಪರೀಕ್ಷಿಸಿದಾಗ ತೊಂದರೆ ಕಾಣಲಿಲ್ಲ, ಪ್ರತಿಕಾಯಗಳೂ ಚೆನ್ನಾಗಿದ್ದವು. ಯಾವುದನ್ನು ಯಾವುದರ ಮೇಲೆ ಹಾಕಬೇಕೆಂದು ತಜ್ಞರು ನೋಡಿ ಹೇಳಲಿ, ಸರ್ಕಾರ ಅದನ್ನು ತರಿಸಲಿ. ಆದರೆ ಅಂಗಡಿಯಲ್ಲಿ ಸೋಪು ಕೇಳುವ ಹಾಗೆ ಒಬ್ಬೊಬ್ಬರೂ ಬ್ರ್ಯಾಂಡ್ ಕೇಳಿದರೆ ಹಳ್ಳಿಯ ಲಸಿಕಾ ಕೇಂದ್ರ ನಡೆಯುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿರಿಂಜ್ ಹಿಡಿದು ಕೂತವಳು ನಾನು. ಕೋರ್ಬೆವ್ಯಾಕ್ಸ್ ವಯಲ್‌ನಲ್ಲಿ (ಲಸಿಕೆಯ ಪುಟ್ಟ ಸೀಸೆಯಲ್ಲಿ) 20 ಡೋಸ್ ಇರುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಅದರ ಮೇಲೆ ಪೆನ್ನಿನಲ್ಲಿ ಗಂಟೆ ಬರೆಯುತ್ತಿದ್ದೆವು. 4 ಗಂಟೆ ಕಳೆದರೆ ಉಳಿದದ್ದು ಕಸ. ಬೆಳಿಗ್ಗೆ ಹದಿನೈದು ಜನ ಬಂದು, ಅದರಲ್ಲಿ ಆರು ಮಂದಿ ಮಾತ್ರ ಆ ಲಸಿಕೆ ಕೇಳಿದರೆ ವಯಲ್ ತೆಗೆಯುವುದೋ ಬಿಡುವುದೋ? ತೆಗೆದರೆ ಹದಿನಾಲ್ಕು ಡೋಸ್ ಚೆಲ್ಲಬೇಕು. ಬಿಟ್ಟರೆ ಕೂಲಿ ಬಿಟ್ಟು ಬಂದ ಆರು ಮಂದಿ ಬರಿಗೈಯಲ್ಲಿ ಹೋಗುತ್ತಾರೆ, ಮತ್ತೆ ಬರುವ ಖಾತ್ರಿಯಿಲ್ಲ. ಆಶಾ ಕಾರ್ಯಕರ್ತೆ ಮನೆಮನೆ ತಿರುಗಿ ಜನ ಕೂಡಿಸುತ್ತಿದ್ದದ್ದೇ ಈ ಲೆಕ್ಕಕ್ಕಾಗಿ.

ಇನ್ನು 'ಯಾವುದು ಒಳ್ಳೇದು' ಎಂಬ ಮಾತು. ವಾಟ್ಸಾಪ್‌ನಲ್ಲಿ ಬರುತ್ತಿದ್ದದ್ದು ಪ್ರತಿಕಾಯದ ಅಂಕಿ ಮಾತ್ರ. ರೋಗ ಬಿಗಡಾಯಿಸದಂತೆ ತಡೆಯುವುದರಲ್ಲಿ ಟಿ ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಪಾಲೂ ದೊಡ್ಡದು, ಆ ಅಂಕಿಯಲ್ಲಿ ಅದು ಕಾಣುವುದಿಲ್ಲ.

2022ರ ಜುಲೈ 15ರಿಂದ 75 ದಿನ ಬೂಸ್ಟರ್ ಉಚಿತವಾಗಿತ್ತು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಆ ದಿನಗಳಲ್ಲಿ ಮೂರು ಸಲ ಬಾಗಿಲಲ್ಲೇ ನಿಂತು "ಹೊಸದು ಬಂತಾ ಸಿಸ್ಟರ್?" ಅಂದರು. ಮೂರು ಸಲವೂ ನಾನು "ಇರೋದನ್ನೇ ಹಾಕಿಸ್ಕೊಳ್ಳಿ ಯಜಮಾನ್ರೇ" ಅಂದೆ, ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮೂರು ಸಲವೂ ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ತುಂಬ ಕೋವಿಶೀಲ್ಡ್ ಇತ್ತು.